ಮರೆವೋ, ಕಿವಿಯೋ?

ವಯಸ್ಸಾದ ತಂದೆತಾಯಿಯ ನೆನಪಿನ ಬಗ್ಗೆ ಚಿಂತೆ ಹತ್ತಿದವರು ಸಾಮಾನ್ಯವಾಗಿ ವಿಚಾರಿಸುವುದು ಬಾದಾಮಿ, ಒಂದೆಲಗ ಅಥವಾ ಯಾವುದಾದರೂ ಮಾತ್ರೆಯ ಬಗ್ಗೆ. ನಾನು ಅವರನ್ನು ಮೊದಲು ಕೇಳುವ ಪ್ರಶ್ನೆ ಬೇರೆ: ಮನೆಯಲ್ಲಿ ಟಿವಿಯ ದನಿ ಈಗ ಎಷ್ಟರಲ್ಲಿದೆ?

ಕೋಲಾರದ ಕಡೆಯ ಒಂದು ಮನೆ ಎಂದುಕೊಳ್ಳಿ. ಸಂತೆಗೆ ಹೊರಟ ಅಪ್ಪನಿಗೆ ಅಡುಗೆಮನೆಯಿಂದ ಯಾರೋ ‘ಸೊಪ್ಪು ತನ್ನಿ’ ಎಂದು ಕೂಗುತ್ತಾರೆ. ಅಪ್ಪ ಉಪ್ಪು ತರುತ್ತಾರೆ. ‘ಇವರಿಗೆ ಮರೆವು ಶುರುವಾಯಿತು’ ಎಂದು ಮನೆಯಲ್ಲಿ ತೀರ್ಮಾನವಾಗುತ್ತದೆ. ಆದರೆ ಅವರು ಏನನ್ನೂ ಮರೆತಿಲ್ಲ. ಕಿವಿಗೆ ಬಿದ್ದದ್ದನ್ನು ಸಂತೆಯವರೆಗೆ ಸರಿಯಾಗಿಯೇ ನೆನಪಿಟ್ಟುಕೊಂಡು ಕೊಂಡು ತಂದಿದ್ದಾರೆ. ಕಿವಿಗೆ ಬಿದ್ದದ್ದೇ ತಪ್ಪಾಗಿತ್ತು.

ಒಳಕಿವಿಯಲ್ಲಿ ಸುರುಳಿಯಾಕಾರದ ಕಾಕ್ಲಿಯಾ ಇದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರಸಂಕೇತವಾಗಿ ಬದಲಿಸುತ್ತವೆ. ವಯಸ್ಸಿನೊಂದಿಗೆ ಮೊದಲು ಸವೆಯುವುದು ಎತ್ತರದ ಕಂಪನಗಳನ್ನು ಹಿಡಿಯುವ ಕೋಶಗಳು. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಅ, ಆ, ಒ, ಓ ಮುಂತಾದ ಸ್ವರಗಳು ತಗ್ಗಿನ ಕಂಪನದವು, ಗಟ್ಟಿಯಾದವು, ಅವು ಉಳಿದುಕೊಳ್ಳುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳ ಶಕ್ತಿ ಮೊದಲೇ ಕಡಿಮೆ, ಕಂಪನ ಎತ್ತರದ್ದು, ಅವು ಉದುರಿಹೋಗುತ್ತವೆ. ‘ಸೊಪ್ಪು’ವಿನ ಸಕಾರ ಬಿದ್ದುಹೋದರೆ ಉಳಿಯುವುದು ‘ಒಪ್ಪು’, ಅದನ್ನು ಮೆದುಳು ತನಗೆ ತಿಳಿದ ಹತ್ತಿರದ ಸಾಮಾನಿಗೆ ಹೊಂದಿಸಿಕೊಳ್ಳುತ್ತದೆ. ಹಿರಿಯರು ‘ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುವುದು ನೆಪವಲ್ಲ, ಕರಾರುವಾಕ್ಕಾದ ವರದಿ. ನಾವು ಕೂಗಿದಾಗ ಗಟ್ಟಿಯಾಗುವುದು ಹೆಚ್ಚಾಗಿ ಸ್ವರ, ಜೊತೆಗೆ ನಮ್ಮ ಸಿಡುಕು. ಎದುರು ಕುಳಿತು, ತುಟಿ ಕಾಣುವಂತೆ, ಸ್ವಲ್ಪ ನಿಧಾನವಾಗಿ ಆಡಿದ ಮಾತು ಅದಕ್ಕಿಂತ ಚೆನ್ನಾಗಿ ತಲುಪುತ್ತದೆ.

ಕಿವಿ ಮಂದವಾದರೆ ಮೆದುಳಿಗೇನು ನಷ್ಟ? ವಿಜ್ಞಾನಿಗಳು ಕೆಲವು ದಾರಿಗಳನ್ನು ಗುರುತಿಸಿದ್ದಾರೆ. ಅರ್ಧ ಕೇಳಿದ ಮಾತನ್ನು ಊಹಿಸಿ ಪೂರ್ತಿಮಾಡುವುದಕ್ಕೇ ಮೆದುಳಿನ ಶಕ್ತಿ ಖರ್ಚಾಗಿ, ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ. ಶಬ್ದದ ಪೂರೈಕೆ ತಗ್ಗಿದಾಗ ಅದನ್ನು ಸಂಸ್ಕರಿಸುವ ಭಾಗಗಳು ಬೇಗ ಕುಗ್ಗಬಹುದು. ಇನ್ನೊಂದು ದಾರಿ ಒಂಟಿತನದ್ದು, ನಮ್ಮ ಮನೆಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ನನಗನ್ನಿಸುತ್ತದೆ. ಬೆಂಗಳೂರಿನಿಂದ ಮಗಳು ಫೋನ್ ಮಾಡುತ್ತಾಳೆ. ಅಮ್ಮ ‘ಊಟ ಆಯಿತಾ’ ಎಂದು ಕೇಳಿ, ಉತ್ತರ ತಿಳಿಯದೆ ಎರಡು ಸಲ ಹೂಂಗುಟ್ಟಿ, ಫೋನನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅರಳಿಕಟ್ಟೆಯ ಹರಟೆ ತಪ್ಪುತ್ತದೆ, ಆಮೇಲೆ ಭಜನೆ, ಆಮೇಲೆ ಮದುವೆ ಮನೆ. ಮೆದುಳಿಗೆ ಇದ್ದ ಅತ್ಯುತ್ತಮ ವ್ಯಾಯಾಮವೇ ಅದಾಗಿತ್ತು. ಮುಖ ಗುರುತಿಸುವುದು, ಸಂಬಂಧ ಜೋಡಿಸುವುದು, ಹಳೆಯ ಜಗಳ ನೆನಪಿಸಿಕೊಳ್ಳುವುದು, ತಕ್ಷಣ ಎದುರುತ್ತರ ಕೊಡುವುದು, ಇವಿಷ್ಟನ್ನೂ ಒಟ್ಟಿಗೆ ಮಾಡಿಸುವ ಮೊಬೈಲ್ ಆಟ ಇನ್ನೂ ಬಂದಿಲ್ಲ. ಆ ಆಟಗಳನ್ನು ಆಡಿದವರು ಮುಖ್ಯವಾಗಿ ಆ ಆಟಗಳಲ್ಲೇ ಪಳಗುತ್ತಾರೆ.

2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವ ಮಟ್ಟದ ಮರೆಗುಳಿತನಕ್ಕೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿಮಾಡಿತು. ಜಗತ್ತಿನ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟಕ್ಕೆ ಈ ಅಂಶಗಳು ಕಾರಣವಿರಬಹುದು ಎಂಬುದು ಅದರ ಅಂದಾಜು. ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಎರಡಕ್ಕೆ: ಕಿವುಡುತನ ಮತ್ತು ನಡುವಯಸ್ಸಿನಲ್ಲಿ ಏರಿದ ಕೆಟ್ಟ ಕೊಲೆಸ್ಟ್ರಾಲ್, ತಲಾ ಶೇ 7. ಇವು ಇಡೀ ಜನಸಮುದಾಯದ ಲೆಕ್ಕ. ನಿಮ್ಮ ತಾಯಿಯ ಭವಿಷ್ಯವನ್ನು ಇದರಿಂದ ಗುಣಾಕಾರ ಮಾಡಿ ತೆಗೆಯಲಾಗದು.

ಹಾಗಾದರೆ ಕಿವಿಗೆ ಯಂತ್ರ ಹಾಕಿದರೆ ಮರೆವು ನಿಲ್ಲುತ್ತದೆಯೇ? ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ 70ರಿಂದ 84 ವರ್ಷದ 977 ಮಂದಿಯ ಮೇಲೆ ‘ಅಚೀವ್’ ಎಂಬ ಪ್ರಯೋಗ ನಡೆಯಿತು. ಫಲಿತಾಂಶ ಬಂದದ್ದು 2023ರಲ್ಲಿ. ಎಲ್ಲರನ್ನೂ ಒಟ್ಟಿಗೆ ಲೆಕ್ಕಹಾಕಿದಾಗ ಮೂರು ವರ್ಷಗಳಲ್ಲಿ ಶ್ರವಣಯಂತ್ರದಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ, ಅಂದರೆ ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೆಚ್ಚು ಇದ್ದು ಓದು ಕಡಿಮೆಯಿದ್ದವರಲ್ಲಿ, ಗ್ರಹಿಕೆಯ, ಅಂದರೆ ನೆನಪು ಮತ್ತು ಯೋಚನಾಶಕ್ತಿಯ, ಕುಸಿತ ಶೇ 48ರಷ್ಟು ನಿಧಾನವಾಯಿತು. ಯಂತ್ರ ಮಾರುವವರು ಎರಡನೆಯ ವಾಕ್ಯವನ್ನಷ್ಟೇ ಹೇಳುತ್ತಾರೆ. ಆದರೂ ಆ ಗುಂಪಿನ ಲಕ್ಷಣಗಳನ್ನು ಇನ್ನೊಮ್ಮೆ ಓದಿ; ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಚಿತ್ರ ಅದು.

ಅಮೆರಿಕದ ಲೆಕ್ಕ ನಮ್ಮ ಹಳ್ಳಿಗೆ ಎಷ್ಟು ಹೊಂದುತ್ತದೆ ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವ ಕೆಲಸ ಕೋಲಾರ ಜಿಲ್ಲೆಯಲ್ಲೇ ನಡೆಯುತ್ತಿದೆ. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ‘ಸ್ಯಾನ್ಸ್‌ಕಾಗ್’ ಎಂಬ ದೀರ್ಘಾವಧಿಯ ಅಧ್ಯಯನ ಆರಂಭಿಸಿತು. 45 ದಾಟಿದ 10,000 ಗ್ರಾಮೀಣ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ನೆನಪು, ರಕ್ತ, ಮೆದುಳಿನ ಚಿತ್ರಗಳನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ.

ಇಲ್ಲಿ ಎದುರಾಗುವ ತೊಡಕು ಸ್ವಾರಸ್ಯಕರ. ಪಾಶ್ಚಾತ್ಯ ನೆನಪಿನ ಪರೀಕ್ಷೆಗಳು ವಾಕ್ಯ ಬರೆಯಿರಿ, ಇವತ್ತಿನ ತಾರೀಖು ಹೇಳಿ ಎನ್ನುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಅದರಲ್ಲಿ ಸೋಲುವುದು ಖಂಡಿತ. ಅದೇ ಅಜ್ಜಿಗೆ ಏಕಾದಶಿ ಎಂದು, ಈಗ ಯಾವ ಮಳೆ ನಕ್ಷತ್ರ, ಯಾರ ಮನೆಯ ಹಸು ಎಷ್ಟನೆಯ ಕರು ಹಾಕಿದೆ, ಎಲ್ಲವೂ ಗೊತ್ತು. ಹರಿಯಾಣದ ಬಲ್ಲಭಗಡದಲ್ಲಿ ಕೆಲಸ ಮಾಡಿದ ಸಂಶೋಧಕರು 1990ರ ದಶಕದಲ್ಲೇ ಓದುಬರಹ ಬೇಡದ ಪರೀಕ್ಷೆಯನ್ನು ರೂಪಿಸಬೇಕಾಯಿತು. ಮನೆಯವರೂ ಇದೇ ಕ್ರಮ ಹಿಡಿಯುವುದು ಒಳ್ಳೆಯದು. ಪ್ರಧಾನಿ ಯಾರು ಎಂದು ಅಮ್ಮನಿಗೆ ಪರೀಕ್ಷೆ ಒಡ್ಡಬೇಡಿ. ಹಾಲಿನ ಡೇರಿಯ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು ಈಗ ತಡವರಿಸುತ್ತಿದ್ದಾರೆಯೇ? ಬಸ್ಸಾರಿಗೆ ಕಟ್ಟು ಬಸಿದಿಟ್ಟು ಮುಂದೇನೆಂದು ತೋಚದೆ ನಿಲ್ಲುತ್ತಾರೆಯೇ? ಸ್ವಂತ ಹೊಲದ ದಾರಿ ತಪ್ಪಿದೆಯೇ? ಹೆಸರು ಮರೆತು ಸಂಜೆಗೆ ನೆನಪಾಗುವುದು ವಯಸ್ಸಿನ ಸಹಜ ನಿಧಾನ. ಕೈಗೆ ರೂಢಿಯಾದ ಕೆಲಸ ಕೈಬಿಡುವುದು ಹಾಗಲ್ಲ.

ಕೋಲಾರದವರಿಗೆ ಒಂದು ಅನುಕೂಲ ಇದ್ದೀತು. 2013ರಲ್ಲಿ ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಮಂದಿಯ ದಾಖಲೆಗಳನ್ನು ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಓದು ಬಾರದವರಲ್ಲೂ ಈ ಅಂತರವಿತ್ತು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕೆಜಿಎಫ್‌ನಲ್ಲಿ ತಮಿಳು ಎಂದು ದಿನವಿಡೀ ಮಾತು ಬದಲಿಸುವ ಗಡಿನಾಡಿನವರಿಗೆ ಇದು ಖುಷಿಯ ಸುದ್ದಿ. ಭಾಷೆಯೇ ಕಾಪಾಡಿತೆಂದು ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಮೊಮ್ಮಕ್ಕಳ ಜೊತೆ ಅಜ್ಜಿ ತೆಲುಗಾಡಿದರೆ ತಡೆಯದಿರಲು ಇಷ್ಟು ಸಾಕು.

ಕಿವಿಯಷ್ಟೇ ಎಂದುಕೊಳ್ಳಬೇಡಿ. ವಿಟಮಿನ್ ಬಿ12 ಕೊರತೆ ನೆನಪನ್ನು ಕೆಡಿಸುತ್ತದೆ. ಶುದ್ಧ ಸಸ್ಯಾಹಾರಿಗಳು ಮತ್ತು ಸಕ್ಕರೆ ಕಾಯಿಲೆಗೆ ದೀರ್ಘಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಹೆಚ್ಚು. ಥೈರಾಯ್ಡ್ ಕೊರತೆ, ಖಿನ್ನತೆ, ನಿದ್ದೆ ಮಾತ್ರೆಗಳೂ ಮರೆವಿನ ವೇಷ ಹಾಕುತ್ತವೆ. ಇವನ್ನು ಸರಿಪಡಿಸಬಹುದು. ಒಂದೆರಡು ದಿನದಲ್ಲೇ ಗೊಂದಲ ಶುರುವಾದರೆ, ಅದರಲ್ಲೂ ಜ್ವರ, ಉರಿಮೂತ್ರ ಅಥವಾ ಬಿದ್ದ ಪೆಟ್ಟಿನ ನಂತರ, ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದೊತ್ತಡದ ಮಾತ್ರೆಯನ್ನು ‘ಈಗ ಚೆನ್ನಾಗಿದ್ದೇನೆ’ ಎಂದು ಬಿಡುವ ಅಪ್ಪಂದಿರೂ ಗಮನಿಸಬೇಕು: 2019ರಲ್ಲಿ ಪ್ರಕಟವಾದ ‘ಸ್ಪ್ರಿಂಟ್ ಮೈಂಡ್’ ಪ್ರಯೋಗದಲ್ಲಿ ಒತ್ತಡವನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಸೌಮ್ಯ ಗ್ರಹಿಕೆ ದೋಷ, ಅಂದರೆ ಡಿಮೆನ್ಷಿಯಾದ ಮಟ್ಟ ಮುಟ್ಟದ ಹಗುರ ಮರೆವು, ಶೇ 19ರಷ್ಟು ಕಡಿಮೆಯಿತ್ತು. ಒಂದೆಲಗದ ಚಟ್ನಿ ರುಚಿಗೆ ಬಹಳ ಚೆನ್ನ. ಡಿಮೆನ್ಷಿಯಾ ತಡೆಯುತ್ತದೆಂಬ ಪುರಾವೆ ಅದಕ್ಕಿಲ್ಲ.

ಕಿವಿಯ ತಪಾಸಣೆಯನ್ನು ಜಿಲ್ಲಾಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಿಂದ ಆರಂಭಿಸಿ; ಕೆಲವೊಮ್ಮೆ ಗುಗ್ಗೆ ತೆಗೆದರೇ ಅರ್ಧ ಸಮಸ್ಯೆ ಮುಗಿಯುತ್ತದೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ ಉಚಿತವಾಗಿ ಸಿಗುತ್ತದೆ. ನೆನಪಿನದೇ ತೊಂದರೆ ಎನಿಸಿದರೆ, ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಕೈಗೊಂಡ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗಳಿವೆ. ಮೊದಲ ಹಂತದಲ್ಲೇ ಕೋಲಾರ ಮತ್ತು ಚಿಕ್ಕಬಳ್ಳಾಪುರ ಅದಕ್ಕೆ ಸೇರಿದ್ದವು.

ಯಂತ್ರ ತಂದ ಮೇಲೆ ಅದು ಬೀರುವಿನಲ್ಲಿ ಉಳಿಯದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಮೊದಲ ಕೆಲವು ವಾರ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಕಿರಿಕಿರಿ. ವರ್ಷಗಳಿಂದ ಕೇಳದ ಶಬ್ದವನ್ನು ಮೆದುಳು ಹೊಸದಾಗಿ ಕಲಿಯಬೇಕು. ಮದುವೆ ಮನೆಗೆ ಹಾಕಿಕೊಂಡು ಹೋಗುವುದರಿಂದ ಶುರುಮಾಡಿದವರು ಮರುದಿನವೇ ತೆಗೆದಿಡುತ್ತಾರೆ. ಟಿವಿ ಆರಿಸಿದ ಕೋಣೆಯಲ್ಲಿ, ಒಬ್ಬರೇ ಎದುರು ಕುಳಿತು ಮಾತಾಡುವಾಗ, ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ. ಸರಿಹೊಂದದಿದ್ದರೆ ಶ್ರವಣತಜ್ಞರಲ್ಲಿಗೆ ಮತ್ತೆ ಕರೆದೊಯ್ದು ದನಿಯ ಹೊಂದಾಣಿಕೆ ಬದಲಿಸಿ.