ಪಾಸ್‌ಪೋರ್ಟ್ ಒಪ್ಪಿಸಿದವರ ಊರ ಉಸಾಬರಿ

ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಬಂದಿದ್ದ ಕಕ್ಷಿದಾರರೊಬ್ಬರು ತೀರಿಕೊಂಡ ತಂದೆಯ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸಕ್ಕೆಂದು ನನ್ನ ಕಚೇರಿಗೆ ಬಂದಿದ್ದರು. ಕಾಗದಪತ್ರ ನೋಡಿ ಮುಗಿಯುವಷ್ಟರಲ್ಲಿ ಚೀಲದಿಂದ ಇನ್ನೊಂದು ಹಾಳೆ ಹೊರಬಂತು. ಊರ ಕೆರೆಯಂಗಳ ಒತ್ತುವರಿಯಾಗಿದೆ, ಸರ್ವೆ ನಕ್ಷೆಯ ಪ್ರತಿ ಕೊಡಿ ಎಂದು ಕೇಳುವ ಮಾಹಿತಿ ಹಕ್ಕು ಅರ್ಜಿ. ರಾಜ್ಯದ ನಿಯಮ ಹೇಳುವ 150 ಪದಗಳ ಮಿತಿ ಮೀರಿರಲಿಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರನ್ನೂ ಪಿನ್ನು ಹಾಕಿ ಇಟ್ಟಿದ್ದರು. ನಮ್ಮ ಕಿರಿಯ ವಕೀಲರೂ ಇಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ. “ಎಲ್ಲ ಸರಿಯಿದೆ, ಸಹಿಯೊಂದು ತಪ್ಪು” ಎಂದೆ.

2005ರ ಮಾಹಿತಿ ಹಕ್ಕು ಕಾಯ್ದೆಯ 3ನೇ ಕಲಮು ಆ ಹಕ್ಕನ್ನು ಕೊಟ್ಟಿರುವುದು ನಾಗರಿಕರಿಗೆ. ಅಮೆರಿಕದ ಪ್ರಜೆಯಾಗಿದ್ದ ಇವರ ಕಿಸೆಯಲ್ಲಿದ್ದುದು, ವಿದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್. ಹಿಂದಿನ ವಾರ ಊರಿನಲ್ಲಿ ದಾಯಾದಿಯೊಬ್ಬ ಇದೇ ಮಾತನ್ನು ಒರಟಾಗಿ ಹೇಳಿದ್ದನಂತೆ: “ದೇಶ ಬಿಟ್ಟವನಿಗೆ ಊರ ಉಸಾಬರಿ ಏಕೆ?” ಹಾಳೆಯನ್ನು ಮಡಚುತ್ತ ಅವರು ಕೇಳಿದರು, “ಹಾಗಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕೇ?”

ವಿದೇಶದ ಫೈಲು ಬಂದಾಗಲೆಲ್ಲ ಈ ಪ್ರಶ್ನೆಯೂ ಜೊತೆಗೆ ಬರುತ್ತದೆ. ಗೊಂದಲಕ್ಕೆ ಅರ್ಧ ಕಾರಣ ಆ ಕಾರ್ಡಿನ ಹೆಸರೇ. ‘ಸಾಗರೋತ್ತರ ಭಾರತೀಯ ನಾಗರಿಕ’ ಎಂದು ಬರೆದುಕೊಟ್ಟರೆ ಯಾರಾದರೂ ತಾನು ನಾಗರಿಕನೆಂದೇ ತಿಳಿಯುತ್ತಾರೆ. ಆದರೆ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ನಮ್ಮದು ಕಳಚಿಬೀಳುತ್ತದೆ. 2005ರ ತಿದ್ದುಪಡಿಯ ನಂತರ ಕೊಡುತ್ತಿರುವ ಈ ಕಾರ್ಡು, ಸರಳವಾಗಿ ಹೇಳುವುದಾದರೆ, ಕೆಲವು ಸವಲತ್ತು ಸೇರಿಸಿದ ಜೀವಮಾನದ ವೀಸಾ. ಮತವಿಲ್ಲ, ಶಾಸನಸಭೆಗೆ ಸ್ಪರ್ಧಿಸುವಂತಿಲ್ಲ, ಸರ್ಕಾರಿ ನೌಕರಿಯೂ ಇಲ್ಲ. ಗ್ರಾಮಸಭೆಯ ಸದಸ್ಯತ್ವ ಕೂಡ ಮತದಾರರ ಪಟ್ಟಿಯಲ್ಲಿರುವವರದು. ಅಲ್ಲಿ ಇವರು ಹಿಂದಿನ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳಬಹುದು, ಅಷ್ಟೆ.

ಇಪ್ಪತ್ತು ವರ್ಷದಿಂದ ದುಬೈಯಲ್ಲಿದ್ದು ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡವನ ಸಂಗತಿ ಬೇರೆ. ಅವನು ಪೂರ್ಣ ನಾಗರಿಕ. 2011ರಿಂದ ಪಾಸ್‌ಪೋರ್ಟಿನಲ್ಲಿರುವ ವಿಳಾಸದಲ್ಲೇ ಮತದಾರನಾಗಿ ಸೇರಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು. ಊರಿನವರ ಬಾಯಲ್ಲಿ ಇಬ್ಬರೂ ‘ಫಾರಿನ್‌ನವರು’.

ಅಂದ ಹಾಗೆ, ದಾಯಾದಿಯ ಆ ಮಾತನ್ನು ನಾನು ಪಾಲುಪಟ್ಟಿಯ ದಾವೆಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಮದುವೆಯಾಗಿ ಹೋದವಳಿಗೆ ತವರಿನ ಉಸಾಬರಿ ಏಕೆ ಎಂಬ ರೂಪದಲ್ಲಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಆ ವಾದಕ್ಕೆ ನ್ಯಾಯಾಲಯದಲ್ಲಿ ಬೆಲೆ ಹೋಯಿತು. ಈ ಹೋಲಿಕೆಯನ್ನು ಹೇಳಿದಾಗ ನನ್ನ ಕಕ್ಷಿದಾರರ ಮುಖ ಅರಳಿತು. ಆದರೆ ಹೆಣ್ಣುಮಕ್ಕಳು ಯಾವ ಪ್ರಮಾಣವಚನವನ್ನೂ ಓದಿ ತವರು ಬಿಟ್ಟವರಲ್ಲ. ಅಮೆರಿಕದ ಪೌರತ್ವಕ್ಕೆ ಕೈಯೆತ್ತಿದವರು ಹಳೆಯ ದೇಶದ ನಿಷ್ಠೆಯನ್ನು ತೊರೆದಿದ್ದೇನೆಂದು ಬಾಯಿಬಿಟ್ಟು ಹೇಳಿರುತ್ತಾರೆ.

ಇಂಥ ಚರ್ಚೆಯಲ್ಲಿ ಗದರ್ ಪಕ್ಷದ ಹೆಸರು ಬಂದೇ ಬರುತ್ತದೆ. 1913ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾರತೀಯ ಕೂಲಿಗಳೂ ವಿದ್ಯಾರ್ಥಿಗಳೂ ಬ್ರಿಟಿಷರ ವಿರುದ್ಧ ಕಟ್ಟಿದ ಪಕ್ಷ ಅದು. ದೂರದಲ್ಲಿದ್ದು ದೇಶದ ಚಿಂತೆ ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎನ್ನುತ್ತಾರೆ. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಿದರೆ ಬೇರೆ ಕಥೆ ಹೊರಬೀಳುತ್ತದೆ. ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲ ಎಂದಿತು. ಬಾಗಿಲು ತೆರೆದದ್ದು 1946ರಲ್ಲಿ. ಬಹುತೇಕ ಗದರಿಗಳಿಗೆ ಹೋಗಿ ಅಡಗಲು ಇನ್ನೊಂದು ಪೌರತ್ವದ ಸೂರಿರಲಿಲ್ಲ. ಅವರಲ್ಲೊಬ್ಬನಾದ ಕರ್ತಾರ್ ಸಿಂಗ್ ಸರಾಭಾ ಹಡಗು ಹತ್ತಿ ವಾಪಸು ಬಂದು, 1915ರ ನವೆಂಬರಿನಲ್ಲಿ ಲಾಹೋರಿನಲ್ಲಿ ನೇಣಿಗೇರಿದಾಗ ಅವನಿಗೆ 19 ವರ್ಷ. ಮಾತಿನ ಫಲವನ್ನು ತಾನೇ ಉಂಡವನ ಹೆಸರನ್ನು, ರಜೆ ಮುಗಿದೊಡನೆ ವಿಮಾನ ಹತ್ತುವವರು ಎರವಲು ಪಡೆಯುವಾಗ ಸ್ವಲ್ಪ ಸಂಕೋಚವಾದರೂ ಇರಬೇಕು.

ಹಾಗೆಂದು ಮಾತಾಡಬಾರದು ಎಂದಲ್ಲ. ನನ್ನ ಚಿಂತೆ ಇರುವುದು ಮಾತಿನ ಬಗ್ಗೆ ಅಲ್ಲ, ಸದ್ದಿಲ್ಲದೆ ಬರುವ ಹಣದ ಬಗ್ಗೆ. ಹೊರಗಿನವನ ಮಾತನ್ನು ಊರು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಹಣವನ್ನು ಯಾರೂ ಹಾಗೆ ಬಿಡುವುದಿಲ್ಲ. 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಕಾರ ದುಬೈಯವನು ತನ್ನ ಉಳಿತಾಯದಿಂದ ಊರ ಸಂಘಕ್ಕೆ ಕೊಟ್ಟದ್ದು ಸ್ವದೇಶಿ ಹಣ, ಓಸಿಐ ಕಾರ್ಡಿನವನು ಕೊಟ್ಟದ್ದು ವಿದೇಶಿ ದೇಣಿಗೆ. ಎರಡನೆಯದನ್ನು ಪಡೆಯುವ ಸಂಘಕ್ಕೆ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು; 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದಿಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ದೆಹಲಿಯ ಮುಖ್ಯ ಶಾಖೆಯಲ್ಲಿ. ಊರ ಯುವಕ ಸಂಘಕ್ಕೆ ಇದೆಲ್ಲ ಎಲ್ಲಿಂದ ಬರಬೇಕು? ಆಗ ಸುಲಭದ ದಾರಿ ಹೊಳೆಯುತ್ತದೆ: ತಮ್ಮನ ಖಾತೆಗೆ ಕಳಿಸುವುದು, ತಮ್ಮ ಸಂಘಕ್ಕೆ ಕೊಡುವುದು. ಯಾರ ಕೈ ದಾಟಿ ಬಂದರೂ ಅದು ವಿದೇಶಿ ದೇಣಿಗೆಯೇ ಎಂದು ಕಾಯ್ದೆ ಬಿಡಿಸಿ ಬರೆದಿದೆ. ಚುನಾವಣೆಯ ಅಭ್ಯರ್ಥಿಗೋ ಪಕ್ಷಕ್ಕೋ ಆದರೆ ಪೂರ್ತಿ ನಿಷಿದ್ಧ. ಬಾಯಿ ಮಾಡಿದವನನ್ನು ಊರು ಬೈಯುತ್ತದೆ, ಚೀಲ ಬಿಚ್ಚಿದವನಿಗೆ ಹಾರ ಹಾಕುತ್ತದೆ. ತೊಂದರೆ ತರುವವನು ಎರಡನೆಯವನು.

ಜಮೀನಿನ ವಿಷಯದಲ್ಲೂ ಒಂದು ಮಾತು ಹೇಳಿಬಿಡುತ್ತೇನೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ, ಕೃಷಿಕರಲ್ಲದವರ ಜಮೀನು ಖರೀದಿಗೆ ಅಡ್ಡವಾಗಿದ್ದ 79ಎ, 79ಬಿ ಕಲಮುಗಳು ಹೋದದ್ದೇ ತಡ, ನಾವೂ ಕೃಷಿ ಜಮೀನು ಕೊಳ್ಳಬಹುದೇ ಎಂದು ಹೊರದೇಶಗಳಿಂದ ಕರೆಗಳು ಬಂದವು. ವಿದೇಶಿ ವಿನಿಮಯದ ನಿಯಮ ಬದಲಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ, ಕೊಳ್ಳುವಂತಿಲ್ಲ.

ಮಾತಿಗೆ ಮರಳೋಣ. ಸಂವಿಧಾನದ 14 ಮತ್ತು 21ನೇ ವಿಧಿಗಳು ಈ ನೆಲದಲ್ಲಿರುವ ಯಾವ ವ್ಯಕ್ತಿಗೂ ಸಲ್ಲುತ್ತವೆ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರದು. ಸಂವಿಧಾನಕ್ಕೆ ನಿಷ್ಠೆಯಿಲ್ಲದ ನಡತೆಯ ಮೇಲೆ ಕೇಂದ್ರ ಸರ್ಕಾರ ಕಾರ್ಡನ್ನು ರದ್ದು ಮಾಡಬಹುದು. 2021ರ ಅಧಿಸೂಚನೆಯ ಪ್ರಕಾರ ಇಲ್ಲಿ ಪತ್ರಿಕಾ ಕೆಲಸ ಮಾಡಲು, ಸಂಶೋಧನೆ ನಡೆಸಲು ಪ್ರತ್ಯೇಕ ಅನುಮತಿ ಬೇಕು. ಇದರ ಪರಿಣಾಮವನ್ನು ನಾನು ಕಚೇರಿಯಲ್ಲಿ ಕಾಣುತ್ತೇನೆ. ಹೊಗಳುವವರು ನಿಶ್ಚಿಂತೆಯಿಂದ ಹೊಗಳುತ್ತಾರೆ. ತಕರಾರು ಇರುವವರು ದನಿ ತಗ್ಗಿಸಿ, “ನಾಳೆ ಕಾರ್ಡು ಹೋದರೆ ಅಮ್ಮನನ್ನು ನೋಡಲು ಬರುವುದು ಹೇಗೆ?” ಎನ್ನುತ್ತಾರೆ. ಹಾಗಾಗಿ ಸಮುದ್ರದಾಚೆಯಿಂದ ನಮಗೆ ಕೇಳಿಸುವ ಅಭಿಪ್ರಾಯ ಸೋಸಿ ಬಂದ ಅಭಿಪ್ರಾಯ.

ನನ್ನ ಕಕ್ಷಿದಾರರದು ದೆಹಲಿಯ ರಾಜಕೀಯವಾಗಿರಲಿಲ್ಲ. ಆ ಕೆರೆಯ ಕೆಳಗೆ ಅವರ ತಂದೆಯ ಗದ್ದೆಯಿದೆ, ನಾಳೆ ಪಹಣಿಯಲ್ಲಿ ಅವರ ಹೆಸರೂ ಬರುತ್ತದೆ. ಕೆರೆ ಬತ್ತಿದರೆ ಅವರ ಗದ್ದೆಯೂ ಒಣಗುತ್ತದೆ. ಅಂಥವರು ಮಾತಾಡಲೇಬೇಕೆಂದು ನಾನು ಹೇಳಿದೆ. ಯಾರಿಗೆ ಮತ ಹಾಕಬೇಕೆಂದು ಊರಿಗೆ ಪಾಠ ಹೇಳುವ ಉತ್ಸಾಹವನ್ನು ಮಾತ್ರ ಅಲ್ಲಿನ ಚುನಾವಣೆಗೆ ಮೀಸಲಿಡಿ ಎಂದೂ ಸೇರಿಸಿದೆ. ಅದು ಅವರಿಗೆ ರುಚಿಸಲಿಲ್ಲ.

ಅರ್ಜಿಗೆ ಅವರ ತಾಯಿ ತಮ್ಮ ಹೆಸರಿನಲ್ಲೇ ಸಹಿ ಹಾಕಿದರು. ಕೆರೆಯ ನೀರು ಕುಡಿದು ಬದುಕಿದವರು, ಹಕ್ಕಿನ ಬಗ್ಗೆ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಹೊರಡುವ ಮುನ್ನ ಮತದಾರರ ಪಟ್ಟಿ ನೋಡಿದೆವು. ತಾಯಿಯ ಹೆಸರಿನ ಕೆಳಗೆ ಮಗನ ಹೆಸರು ಇನ್ನೂ ಹಾಗೆಯೇ ಇತ್ತು. ತೆಗೆಸಬೇಕು ಎಂದು ನಮೂನೆ 7ನ್ನು ಮುಂದಿಟ್ಟೆ. ಮಗ ಪೆನ್ನು ತೆಗೆದರು. “ರೇಷನ್ ಕಾರ್ಡಿನಿಂದ ತೆಗೆದಾಗಲೇ ಸಾಕಾಗಿತ್ತು” ಎಂದು ತಾಯಿ ಕಿಟಕಿಯ ಕಡೆಗೆ ತಿರುಗಿ ಕುಳಿತರು.