ಹಸಿರು ತೊಟ್ಟಿಯಲ್ಲಿ ಒಣ ಜಾಗ ಎಲ್ಲಿದೆ?

ಗಾಜಿನ ತೊಟ್ಟಿ. ಒಂದು ಭಾಗ ನೀರು, ಒಂದು ಭಾಗ ನೆಲ, ಸುತ್ತಲೂ ಗಿಡ. ಇದಕ್ಕೆ ಪಾಲುಡೇರಿಯಂ ಅಂತಾರೆ. ನೀರಾಮೆ, ವಾಟರ್ ಡ್ರ್ಯಾಗನ್ (ನೀರಿನ ಬಳಿ ಬದುಕುವ ದೊಡ್ಡ ಹಲ್ಲಿ) ಸಾಕುವವರಿಗೆ ಇದರ ಮೇಲೆ ಬಹಳ ಆಸೆ. ಚೆನ್ನಾಗಿ ಕಟ್ಟಿದರೆ ಪ್ರಾಣಿಗೂ ಸುಖ. ಆದರೆ ಸರೀಸೃಪಗಳ ವೈದ್ಯನಾಗಿ ನಾನು ನೋಡುವ ಎಷ್ಟೋ ಪ್ರಾಣಿಗಳು ಇಂಥ ಚಂದದ ತೊಟ್ಟಿಗಳಿಂದಲೇ ಬರುತ್ತವೆ. ಆಮೆಗೆ ಚಿಪ್ಪು ಕೊಳೆತಿರುತ್ತದೆ, ಡ್ರ್ಯಾಗನ್‌ಗೆ ಹೊಟ್ಟೆಯ ಮೇಲೆ ನೀರುಗುಳ್ಳೆ ಎದ್ದಿರುತ್ತದೆ. ತೊಟ್ಟಿಯ ಫೋಟೋ ತೋರಿಸಿ ಅಂದರೆ ಅದರಲ್ಲಿ ಜಲಪಾತ, ಪಾಚಿ, ಮರದ ಕೊರಡು ಎಲ್ಲ ಇರುತ್ತದೆ. ಪೂರ್ತಿ ಒಣಗಿದ ಜಾಗ ಮಾತ್ರ ಅಂಗೈಯಷ್ಟೂ ಇರುವುದಿಲ್ಲ.

ಅದಕ್ಕೇ ನಾನು ಹೇಳುವುದು, ಮೊದಲು ಒಣ ಜಾಗ ಗುರುತು ಮಾಡಿ, ಗಿಡ ಆಮೇಲೆ. ಆಮೆ ನೀರಿನಿಂದ ಪೂರ್ತಿ ಹೊರಗೆ ಬರಬೇಕು, ಹೊಟ್ಟೆಯ ಕಡೆಯ ಚಿಪ್ಪೂ ಒಣಗಬೇಕು. ಚಪ್ಪಟೆ ಕಲ್ಲೋ ಅಗಲವಾದ ಮರದ ತುಂಡೋ ಸಾಕು, ಆದರೆ ಅದರ ಮೇಲೆ ಇಡೀ ದೇಹ ಹಿಡಿಸಬೇಕು, ತಿರುಗಿಕೊಳ್ಳಲೂ ಜಾಗ ಇರಬೇಕು. ಅದರ ಮೇಲೆ ಬಿಸಿ ದೀಪ. ಸಾಮಾನ್ಯವಾಗಿ ಸಾಕುವ ಕೆಂಪುಕಿವಿ ಆಮೆಗೆ ಆ ಕಲ್ಲು 32ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ, ನೀರು 24ರಿಂದ 27 ಡಿಗ್ರಿ. ಕೈ ಇಟ್ಟು ಅಂದಾಜು ಮಾಡಬೇಡಿ, ಪ್ರಾಣಿಯ ಬೆನ್ನು ಬರುವ ಎತ್ತರದಲ್ಲಿ ಥರ್ಮಾಮೀಟರ್ ಹಿಡಿದು ನೋಡಿ.

ಜೊತೆಗೆ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಕೊಡುವ ದೀಪ ಬೇಕೇ ಬೇಕು. ಕಿಟಕಿಯಿಂದ ಬಿಸಿಲು ಬೀಳುತ್ತೆ ಅಲ್ವಾ ಅಂತ ಕೇಳುತ್ತಾರೆ. ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಮುಚ್ಚಳದ ಜಾಲರಿಯೂ ಒಂದಷ್ಟು ಕಡಿಮೆ ಮಾಡುತ್ತದೆ. ಯುವಿಬಿ ಸಿಗದಿದ್ದರೆ ವಿಟಮಿನ್ ಡಿ3 ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ. ಮೃದುವಾದ ಆ ದವಡೆಯನ್ನು ಬೆರಳಲ್ಲಿ ಮುಟ್ಟಿ ನೋಡುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಹಳೇ ದೀಪ ಬೆಳಕು ಕೊಡುತ್ತಲೇ ಇರುತ್ತದೆ, ಯುವಿಬಿ ಮಾತ್ರ ಇಳಿದಿರುತ್ತದೆ. ಹಾಗಾಗಿ ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ.

ಇನ್ನು ನೆಲ. ಬಹಳ ಜನ ಮಣ್ಣನ್ನು ಇಳಿಜಾರಾಗಿ ನೇರ ನೀರಿಗೇ ಸುರಿದುಬಿಡುತ್ತಾರೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ಕೆಲವೇ ವಾರಗಳಲ್ಲಿ ಬೇರು ಕೊಳೆತು ಕೆಟ್ಟ ವಾಸನೆ ಶುರು. ನೀರಿಗೂ ನೆಲಕ್ಕೂ ನಡುವೆ ಗಾಜಿನ ಗೋಡೆ ಕೊಡಿ. ನೆಲದ ಕಡೆ ಅಡಿಯಲ್ಲಿ ಸುಟ್ಟ ಮಣ್ಣಿನ ಗುಂಡುಗಳನ್ನು ನಾಲ್ಕೈದು ಸೆಂಟಿಮೀಟರ್ ಹರಡಿ, ಅದರ ಮೇಲೆ ಸಣ್ಣ ಕಣ್ಣಿನ ಜಾಲರಿ, ಆಮೇಲೆ ಮಣ್ಣು. ಮೂಲೆಯಲ್ಲಿ ಒಂದು ಪೈಪನ್ನು ತಳದವರೆಗೆ ನಿಲ್ಲಿಸಿಡಿ. ಸಿಂಪಡಿಸಿದ ನೀರು ತಳದಲ್ಲಿ ಸೇರಿಕೊಂಡಾಗ ಆ ಪೈಪಿಗೆ ಸಣ್ಣ ಟ್ಯೂಬ್ ಇಳಿಸಿ ಎಳೆದು ತೆಗೆಯಬಹುದು, ಒಂದು ಗಿಡವನ್ನೂ ಕೀಳಬೇಕಾಗಿಲ್ಲ.

ಗಾಜು ಅಂಟಿಸಲು ಸಿಲಿಕೋನ್ ತರುವಾಗ ಬೂಷ್ಟು ತಡೆಯುವ ಔಷಧಿ ಸೇರಿಸಿದ್ದು ಬೇಡ, ಅಕ್ವೇರಿಯಂಗೆ ಅಂತಲೇ ಮಾಡಿದ್ದು ತನ್ನಿ. ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಸ್ಟ್ಯಾಂಡ್ ಗಟ್ಟಿಯಿರಲಿ. 100 ಲೀಟರ್ ನೀರೇ 100 ಕೆಜಿ, ಕಲ್ಲು ಮಣ್ಣಿನ ಭಾರ ಬೇರೆ.

ನೀರಿನಿಂದ ಮೇಲೆ ಬರುವ ದಾರಿ ಒರಟಾಗಿರಲಿ, ಏರು ಕಡಿಮೆ ಇರಲಿ. ಒದ್ದೆ ಉಗುರು ಗಾಜಿನ ಮೇಲೆ ನಿಲ್ಲುವುದಿಲ್ಲ. ಆಮೆ ನೀರಲ್ಲಿ ಮುಳುಗಿ ಸಾಯುತ್ತದೆ ಅಂದರೆ ಜನ ನಂಬುವುದಿಲ್ಲ. ಕೊರಡಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡರೆ ಖಂಡಿತ ಸಾಯುತ್ತದೆ, ಅದು ಉಸಿರಾಡುವುದು ಶ್ವಾಸಕೋಶದಿಂದ. ದೊಡ್ಡ ಕಲ್ಲನ್ನು ಜಲ್ಲಿಯ ಮೇಲೆ ಇಡಬೇಡಿ, ಆಮೆ ಅಡಿಯಲ್ಲಿ ಕೆದಕುತ್ತದೆ, ಕಲ್ಲು ಉರುಳುತ್ತದೆ. ತಳದ ಮೇಲೇ ಕೂರಿಸಿ, ಸುತ್ತ ಜಲ್ಲಿ ಹಾಕಿ. ಜಲ್ಲಿ ಪ್ರಾಣಿಯ ತಲೆಗಿಂತ ದೊಡ್ಡದಿರಲಿ, ಇಲ್ಲದಿದ್ದರೆ ನುಂಗುತ್ತದೆ.

ಗಿಡಗಳ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ನೀರಾಮೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಇಲ್ಲವೇ ಕಿತ್ತು ತೇಲಿಸುತ್ತದೆ. ಅನುಬಿಯಾಸ್, ಜಾವಾ ಫರ್ನ್‌ಗಳನ್ನು ಮರದ ತುಂಡಿಗೆ ದಾರದಿಂದ ಕಟ್ಟಿದರೆ ಸ್ವಲ್ಪ ತಾಳುತ್ತವೆ. ಪ್ರಾಣಿಯ ಹೊಲಸಿನಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನು ಮನಿ ಪ್ಲಾಂಟ್‌ನ ಬೇರು ಚೆನ್ನಾಗಿ ಹೀರುತ್ತದೆ. ಆದರೆ ಅದರಲ್ಲಿ ಬಾಯಿ ಉರಿಸುವ ಆಕ್ಸಲೇಟ್ ಹರಳುಗಳಿವೆ. ಹಾಗಾಗಿ ಬೇರು, ಎಲೆ ಎರಡೂ ಪ್ರಾಣಿಯ ಬಾಯಿಗೆ ಸಿಗದಂತೆ ಫಿಲ್ಟರಿನ ಹಿಂದೆ ಇಡಿ.

ಎಲ್ಲ ಕಟ್ಟಿ ಮುಗಿದ ದಿನವೇ ಪ್ರಾಣಿ ಬಿಡಬೇಡಿ. ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ಕೆಲವು ವಾರ ಬೇಕು, ಗಿಡ ಬೇರು ಬಿಡಲೂ ಅಷ್ಟೇ ಬೇಕು. ಆ ಬ್ಯಾಕ್ಟೀರಿಯಾಗೂ ತಿನ್ನಲು ಅಮೋನಿಯಾ ಬೇಕು, ಸುಮ್ನೆ ನೀರು ತಿರುಗಿಸುತ್ತಿದ್ದರೆ ಬೆಳೆಯುವುದಿಲ್ಲ. ದಿನಾ ಚೂರು ಆಹಾರ ಹಾಕಿ ಕೊಳೆಯಲು ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಮೊದಲು ಏರಿ ಆಮೇಲೆ ಎರಡೂ ಸೊನ್ನೆಗೆ ಇಳಿಯಬೇಕು. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ.

ಬಿಟ್ಟ ಮೊದಲ ವಾರ ಅದು ಎಲ್ಲಿ ಕೂರುತ್ತದೆ ಅಂತ ಗಮನಿಸಿ. ದಿನವಿಡೀ ದೀಪದ ಕೆಳಗೇ ಇದ್ದರೆ ನೀರು ತಣ್ಣಗಿರಬಹುದು. ಕಲ್ಲು ಹತ್ತುವುದೇ ಇಲ್ಲ ಅಂದರೆ ಕಲ್ಲು ಅಲುಗಾಡುತ್ತಿದೆಯಾ, ಜಾಸ್ತಿ ಕಾಯುತ್ತಿದೆಯಾ ನೋಡಿ. ಎರಡೂ ಸರಿಯಿದ್ದರೆ ಅದಕ್ಕೆ ಬಯಲಲ್ಲಿ ಕೂರಲು ಭಯ. ಕಲ್ಲಿನ ಹಿಂದೆ ಒಂದು ಜರಿಗಿಡ ಇಡಿ, ದೀಪಕ್ಕೆ ಅಡ್ಡ ಬರದ ಹಾಗೆ.