41 ಸಲ ಬರುವವನ ಲೆಕ್ಕ

ನಮ್ಮ ಬಾವ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟು ಅಂದರೆ ಊಟ ಬಿಟ್ಟು ಓಡುವವರು. ಅವರಿಗೆ ಇಷ್ಟವಾದ ಒಂದು ಟೂರ್ನಮೆಂಟು ಮೂರು ವರ್ಷದ ಹಿಂದೆ ಮಂಗಳೂರಿನ ನೆಹರೂ ಮೈದಾನ ಬಿಟ್ಟು ಸುರತ್ಕಲ್ ಕಡೆಯ ಹೊಸ ಗ್ರೌಂಡಿಗೆ ಹೋಯಿತು. ಮೊದಲ ವರ್ಷ ಕಾಲಿಡಲು ಜಾಗ ಇರಲಿಲ್ಲ. ಎರಡನೇ ವರ್ಷ ಕುರ್ಚಿ ಆರಾಮವಾಗಿ ಸಿಕ್ಕಿತು. ಈ ಸಲ ಸೆಮಿಫೈನಲ್ ಹೊತ್ತಿಗೂ ಅರ್ಧ ಗ್ಯಾಲರಿ ಖಾಲಿ.

"ಎಂತ ಮಾರಾಯ, ಆ ಜಾಗವೇ ಸರಿ ಇಲ್ಲ" ಅಂದರು ಬಾವ. "ಮೊದಲೇ ಜೋಯಿಸರ ಹತ್ರ ಒಂದು ತಾಂಬೂಲ ಪ್ರಶ್ನೆ ಇಡಿಸಿದ್ರೆ ಗೊತ್ತಾಗ್ತಿತ್ತು."

ಬಾವನ ಮೇಲೆ ನನಗೆ ತುಂಬ ಗೌರವ ಉಂಟು. ಆದರೆ ಈ 'ಜಾಗದ ದೋಷ' ಅನ್ನುವ ಮಾತು ಕೇಳಿದರೆ ಸಂಕಟವಾಗುತ್ತದೆ. ಅಂಗಡಿ ನಡೆಯದಿದ್ದರೂ ದೋಷ, ಗ್ಯಾಲರಿ ತುಂಬದಿದ್ದರೂ ದೋಷ. ಹಾಗೆ ಹೇಳಿದ ಕೂಡಲೇ ಹುಡುಕಾಟ ನಿಂತುಬಿಡುತ್ತದೆ. ಕಣ್ಣೆದುರಿನ ಕಾರಣ ಹಾಗೇ ಉಳಿಯುತ್ತದೆ. ಆಡುವ ಜಾಗ ಬದಲಾದರೆ ನೋಡುವವರು ಕಡಿಮೆಯಾಗುತ್ತಾರಾ ಅನ್ನುವುದು ಲೆಕ್ಕ ಹಾಕಿ ನೋಡಬಹುದಾದ ಪ್ರಶ್ನೆ. ನೋಡಿಯೂ ಆಗಿದೆ. ಅದಕ್ಕೆ ಒಳ್ಳೆಯ ಲೆಕ್ಕ ಸಿಗುವುದು ನಮ್ಮ ಕರಾವಳಿಗೆ ಸಂಬಂಧವೇ ಇಲ್ಲದ ಒಂದು ಆಟದಲ್ಲಿ: ಐಸ್ ಹಾಕಿ.

ಅಮೆರಿಕ ಮತ್ತು ಕೆನಡಾದ ನ್ಯಾಷನಲ್ ಹಾಕಿ ಲೀಗಿನಲ್ಲಿ ಪ್ರತಿ ತಂಡ ಒಂದು ಸೀಸನ್ನಿನಲ್ಲಿ ತವರಿನಲ್ಲಿ ಸಾಮಾನ್ಯವಾಗಿ 41 ಪಂದ್ಯ ಆಡುತ್ತಾ ಬಂದಿದೆ. ಪ್ರತಿ ಪಂದ್ಯದ ಪ್ರೇಕ್ಷಕರ ಸಂಖ್ಯೆ ದಾಖಲಾಗುತ್ತದೆ. 1990ರ ದಶಕದಲ್ಲಂತೂ ಹಳೆಯ ಕಟ್ಟಡ ಬಿಟ್ಟು ಹೊಸದಕ್ಕೆ ಹೋಗುವ ತಂಡಗಳ ಸಾಲೇ ಇತ್ತು. ಕೆಲವು ರಸ್ತೆ ದಾಟಿ ಆಚೆಗೆ ಹೋದವು, ಕೆಲವು ಊರಾಚೆಗೆ, ಕೆಲವು ಬೇರೆ ರಾಜ್ಯಕ್ಕೇ. ಯಾರೋ ನಮಗೋಸ್ಕರ ಪ್ರಯೋಗ ಮಾಡಿಟ್ಟ ಹಾಗೆ.

1970ರಿಂದ 2003ರವರೆಗಿನ ಅಂಕಿಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇದು: ಹೊಸ ಅಂಗಣಕ್ಕೆ ಹೋದ ತಕ್ಷಣ ಜನ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತಾರೆ. ಆಮೇಲೆ ಕೆಲವು ವರ್ಷಗಳಲ್ಲಿ ಆ ಹೆಚ್ಚಳ ಕರಗುತ್ತದೆ. ಇದಕ್ಕೆ ಅವರಿಟ್ಟ ಹೆಸರು ಹನಿಮೂನ್. ಬಾವ ಹೇಳಿದ ಮೂರು ವರ್ಷದ ಕಥೆ ಅದೇ ಅಲ್ವಾ? ದೋಷ ಇದ್ದಿದ್ದರೆ ಅದು ಮೊದಲ ವರ್ಷ ಯಾಕೆ ಸುಮ್ನೆ ಕೂತಿತ್ತು?

ಹನಿಮೂನ್ ಮುಗಿಯುತ್ತದೆ ಅಂದರೆ ಸಾಲದು. ಒಳಗೆ ಏನು ನಡೆಯುತ್ತದೆ ಅನ್ನುವುದೇ ನನಗೆ ಅತ್ಯಂತ ಇಷ್ಟವಾದ ಭಾಗ. ಅದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಗ್ಯಾಲರಿಯಲ್ಲಿ ಕೂತವರನ್ನು ನಾವು ಒಂದೇ ರಾಶಿ ಎಂದು ನೋಡುತ್ತೇವೆ. ಅಲ್ಲಿರುವುದು ಎರಡು ಜಾತಿಯ ಪ್ರೇಕ್ಷಕರು: ಒಂದು ಸಲ ಬರುವವನು, ಮತ್ತು 41 ಸಲವೂ ಬರುವವನು. ಹಳೆಯ ಅಂಗಣಕ್ಕೆ ಮನೆಯಿಂದ 20 ನಿಮಿಷದ ದಾರಿ, ಹೊಸದಕ್ಕೆ ಒಂದು ಗಂಟೆ ಅಂತ ಇಟ್ಟುಕೊಳ್ಳಿ. ಹೋಗಿ ಬರಲು 80 ನಿಮಿಷ ಜಾಸ್ತಿ. ಒಂದು ಸಲ ಬರುವವನಿಗೆ ಅದು ದೊಡ್ಡ ಮಾತಲ್ಲ. ಹೊಸ ಕಟ್ಟಡ ನೋಡಿದ ಹಾಗೂ ಆಯಿತು, ಮಕ್ಕಳನ್ನು ತಿರುಗಾಡಿಸಿದ ಹಾಗೂ ಆಯಿತು. 41 ಸಲ ಬರುವವನಿಗೆ? 41 ಗುಣಿಸು 80, 3280 ನಿಮಿಷ. ಸೀಸನ್ನಿಗೆ 54 ಗಂಟೆಗೂ ಜಾಸ್ತಿ. ಎರಡು ದಿನ ಎರಡು ರಾತ್ರಿ ಇಡೀ ಬಸ್ಸಿನಲ್ಲೇ ಕೂತ ಹಾಗೆ. ಅವನು ಜಗಳ ಮಾಡುವುದಿಲ್ಲ, ಅಭಿಮಾನವನ್ನೂ ಬಿಡುವುದಿಲ್ಲ. ಮಳೆ ಬಂದ ದಿನ ಒಂದು ಪಂದ್ಯ ತಪ್ಪಿಸುತ್ತಾನೆ. ಮುಂದಿನ ತಿಂಗಳು ಎರಡು. ಮುಂದಿನ ವರ್ಷ ಮನೆಯಲ್ಲೇ ಟಿವಿ ಹಾಕುತ್ತಾನೆ.

ಹೀಗೆ ಮೊದಲ ವರ್ಷ ಹಳಬರು ಒಬ್ಬೊಬ್ಬರೇ ಜಾರಿದ್ದನ್ನು ಹೊಸಬರ ಗದ್ದಲ ಮುಚ್ಚಿಬಿಡುತ್ತದೆ. ಸೋರುವ ಟ್ಯಾಂಕಿಗೆ ಪಂಪು ಹಾಕಿಟ್ಟ ಹಾಗೆ, ಪಂಪು ನಿಲ್ಲುವವರೆಗೆ ತೂತು ಕಾಣುವುದಿಲ್ಲ. ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲಿ ನಿಂತು, ದಿನವೂ ಇಷ್ಟೇ ಜನ ಬರುತ್ತಾರೆ ಅಂದುಕೊಂಡರೆ ಎಷ್ಟು ತಪ್ಪೋ, ಹೊಸ ಅಂಗಣದ ಮೊದಲ ವರ್ಷ ನೋಡಿ ಖುಷಿಪಡುವುದೂ ಅಷ್ಟೇ ತಪ್ಪು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಜನಸಾಗರವೇ ಸೇರಿತ್ತು. ಅದು ನಮಗೆಲ್ಲ ಹೆಮ್ಮೆಯ ದಿನ. ಆದರೆ ಕೋಣ ಓಡುವ ಕರೆಯ ಬದಿಯಲ್ಲಿ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟು ವರ್ಷ ವರ್ಷ ನಿಲ್ಲುವ ಮೂಡುಬಿದಿರೆಯ ಕಂಬಳದವನ ಲೆಕ್ಕವೇ ಬೇರೆ.

ದಾರಿಯೂ ಒಂದು ಬೆಲೆ ಅನ್ನುವ ವಿಚಾರದ ಹಿಂದೆ ಒಂದು ಒಳ್ಳೆಯ ಕಥೆ ಉಂಟು. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಒಂದು ತಲೆಬಿಸಿ ಇತ್ತು. ಉದ್ಯಾನದ ಪ್ರವೇಶಕ್ಕೆ ದುಡ್ಡು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಜನರಿಗೆ ಅದು ಎಷ್ಟು ಬೆಲೆಬಾಳುತ್ತದೆ ಅಂತ ತಿಳಿಯುವುದು ಹೇಗೆ? ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞ ಪತ್ರದಲ್ಲಿ ಉತ್ತರ ಬರೆದರು. ಉದ್ಯಾನದ ಸುತ್ತ ವೃತ್ತಗಳನ್ನು ಎಳೆಯಿರಿ. ಒಂದೊಂದು ವೃತ್ತದಿಂದ ಎಷ್ಟು ಜನ ಬರುತ್ತಾರೆ ಎಣಿಸಿ. ಅಷ್ಟು ದೂರದಿಂದ ಬರಲು ಆದ ಖರ್ಚೇ ಅವರು ಕೊಟ್ಟ ಬೆಲೆ. ಇಷ್ಟು ಸರಳ! ಪಣಂಬೂರು ಬೀಚಿನಲ್ಲಿ ಚರುಮುರಿ ಗಾಡಿಗಳು ದೂರ ದೂರ ನಿಲ್ಲುವ ಬದಲು ಒಂದರ ಪಕ್ಕ ಒಂದು ಯಾಕೆ ನಿಲ್ಲುತ್ತವೆ ಅನ್ನುವುದಕ್ಕೂ ಇದೇ ಮನುಷ್ಯ 1929ರಲ್ಲಿ ಬರೆದ ಪ್ರಬಂಧದಲ್ಲಿ ಉತ್ತರ ಸಿಗುತ್ತದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ವೃತ್ತ ದೊಡ್ಡದಾದ ಹಾಗೆ ಬರುವವರು ಕಡಿಮೆ. ಬಂಗುಡೆ ಹುರಿಯುವ ಪರಿಮಳ ಪಕ್ಕದ ಮನೆಗೆ ಗಾಢವಾಗಿ, ನಾಲ್ಕನೇ ಮನೆಗೆ ತೆಳುವಾಗಿ ಹೋಗುತ್ತದಲ್ಲ, ಹಾಗೆ. ಚೆಂಡೆ ಸದ್ದು ಗದ್ದೆ ದಾಟುತ್ತಾ ಸಣ್ಣದಾಗುತ್ತದಲ್ಲ, ಹಾಗೆ. ಆದರೆ ಪರಿಮಳಕ್ಕೆ ಗಾಳಿ ಬೇಕು, ಸದ್ದಿಗೆ ಗುಡ್ಡ ಅಡ್ಡ ಬರುತ್ತದೆ. ಜನರ ವೃತ್ತವೂ ಗುಂಡಗೆ ಇರುವುದಿಲ್ಲ. ಮಂಗಳೂರಿನ ನಕ್ಷೆ ಇಟ್ಟು ನೋಡಿ. ಪಡುಬದಿಯ ಅರ್ಧ ವೃತ್ತ ಸಮುದ್ರ, ಅಲ್ಲಿಂದ ಪ್ರೇಕ್ಷಕರು ಬರುವುದಿಲ್ಲ. ತೆಂಕಲಿಗೆ ನೇತ್ರಾವತಿ, ಬಡಗಿಗೆ ಫಲ್ಗುಣಿ. ತೊಕ್ಕೊಟ್ಟಿನವನು ಸುರತ್ಕಲ್‌ಗೆ ಹೋಗಬೇಕಾದರೆ ಉಳ್ಳಾಲದ ಸೇತುವೆಯನ್ನೂ ಕೂಳೂರಿನ ಸೇತುವೆಯನ್ನೂ ದಾಟಬೇಕು. ನಕ್ಷೆಯಲ್ಲಿ ಕಿಲೋಮೀಟರ್ ಅಳೆದವನಿಗೆ ಸಂಜೆ ಆರು ಗಂಟೆಯ ಕೂಳೂರು ಕಾಣುವುದಿಲ್ಲ. ಟೂರ್ನಮೆಂಟು ನೆಹರೂ ಮೈದಾನದಲ್ಲಿದ್ದಾಗ ಬಸ್ಸು ಹತ್ತುವ ಸ್ಟೇಟ್ ಬ್ಯಾಂಕ್ ಪಕ್ಕದಲ್ಲೇ ಇತ್ತು. ಕೆಲಸ ಮುಗಿಸಿ ಬಸ್ಸಿಗೆ ಬಂದವನು ಎರಡು ಓವರ್ ನೋಡೋಣ ಅಂತ ನಿಂತು, ಇಡೀ ಮ್ಯಾಚ್ ನೋಡಿ ಹೋಗುತ್ತಿದ್ದ. ಅವನಿಗೆ ದಾರಿಯ ಖರ್ಚು ಸೊನ್ನೆ.

ಈಗ ಹಾಕಿಗೆ ಬನ್ನಿ. ಕೆನಡಾದ ರಾಜಧಾನಿಯ ತಂಡ ಒಟ್ಟಾವಾ ಸೆನೆಟರ್ಸ್. 1992ರಲ್ಲಿ ಶುರುವಾದಾಗ ಊರೊಳಗಿನ ಸಣ್ಣ ಅಂಗಣದಲ್ಲಿ ಆಡುತ್ತಿತ್ತು. 1996ರ ಜನವರಿಯಲ್ಲಿ ಸುಮಾರು 18,500 ಸೀಟಿನ ಹೊಸ ಕಟ್ಟಡಕ್ಕೆ ಹೋಯಿತು. ಅದು ಕನಾಟಾದಲ್ಲಿ, ಪೇಟೆಯಿಂದ ಸುಮಾರು 25 ಕಿಲೋಮೀಟರ್, ಹಂಪನಕಟ್ಟೆಯಿಂದ ಹಳೆಯಂಗಡಿಗೆ ಹೋದಷ್ಟು. ಮೊದಮೊದಲು ಎಲ್ಲ ಚೆನ್ನಾಗಿತ್ತು. ದೂರದ ಬೆಲೆ ನಿಧಾನ ವಸೂಲಾಯಿತು. 2017ರಲ್ಲಿ ತಂಡ ಅದ್ಭುತವಾಗಿ ಆಡಿ, ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪಿನ ಫೈನಲ್ಲಿಗೆ ಒಂದೇ ಗೋಲಿನ ದೂರದವರೆಗೆ ಹೋಯಿತು. ಅದೇ ವರ್ಷ ಮೇಲಿನ ಗ್ಯಾಲರಿಯ ಸುಮಾರು 1,500 ಸೀಟಿಗೆ ಟಾರ್ಪಾಲು ಹೊದಿಸಬೇಕಾಯಿತು. ಈಗ ಪೇಟೆಯೊಳಗಿನ ಲೆಬ್ರೆಟನ್ ಫ್ಲ್ಯಾಟ್ಸ್‌ಗೆ ವಾಪಸ್ ಬರುವ ಯೋಜನೆ ನಡೆಯುತ್ತಿದೆ.

ಇದಕ್ಕಿಂತ ಕಟುವಾದ ಉದಾಹರಣೆ ಅಮೆರಿಕದ ಹಾರ್ಟ್‌ಫರ್ಡ್ ವೇಲರ್ಸ್ ತಂಡದ್ದು. 1997ರಲ್ಲಿ ಆ ತಂಡ ಉತ್ತರ ಕೆರೊಲಿನಾದ ರಾಲಿಗೆ ಅಂತ ಹೊರಟಿತು. ರಾಲಿಯ ಅಂಗಣ ಇನ್ನೂ ಕಟ್ಟಿ ಆಗಿರಲಿಲ್ಲ. ಎರಡು ವರ್ಷ ಗ್ರೀನ್ಸ್‌ಬರೋದಲ್ಲಿ ಆಡಿದರು. ಎರಡು ಊರಿನ ನಡುವೆ ನಮ್ಮ ಮಂಗಳೂರು–ಬೈಂದೂರಿನಷ್ಟು ದೂರ. ರಾಲಿಯವರು ಅಷ್ಟು ದೂರ ಬರಲಿಲ್ಲ. ಗ್ರೀನ್ಸ್‌ಬರೋದವರು, ನಾಳೆ ಬಿಟ್ಟು ಹೋಗುವ ತಂಡವನ್ನು ನಮ್ಮದು ಅಂತ ಯಾಕೆ ಹೇಳಬೇಕು ಅಂದರು. 20 ಸಾವಿರಕ್ಕೂ ಜಾಸ್ತಿ ಸೀಟಿದ್ದ ಕಡೆ ಸರಾಸರಿ 10 ಸಾವಿರವೂ ಬರಲಿಲ್ಲ. ಮೇಲಿನ ಗ್ಯಾಲರಿಗೆ ಪರದೆ ಎಳೆದರು. ರಾಲಿಗೆ ಹೋದ ಮೇಲೆ ಅದೇ ತಂಡ ಬೇರೂರಿ, 2006ರಲ್ಲಿ ಸ್ಟ್ಯಾನ್ಲಿ ಕಪ್ಪನ್ನೇ ಗೆದ್ದಿತು.

ಹಾಗಾದರೆ ಎಲ್ಲ ದೂರದ ಮಹಿಮೆಯಾ? ಅಲ್ಲ. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ 2015ರಲ್ಲಿ ಲಾಂಗ್ ಐಲ್ಯಾಂಡಿನ ಹಳೆಯ ನಾಸೌ ಕೊಲಿಸಿಯಂ ಬಿಟ್ಟು ಬ್ರೂಕ್ಲಿನ್ನಿನ ಬಾರ್ಕ್ಲೇಸ್ ಸೆಂಟರಿಗೆ ಹೋಯಿತು. ಕೆಳಗೇ ರೈಲು, ಬಾಗಿಲಲ್ಲೇ ಮೆಟ್ರೊ. ತಂಡವೂ ಗೆಲ್ಲುತ್ತಿತ್ತು, 1993ರ ನಂತರ ಮೊದಲ ಸಲ ಪ್ಲೇಆಫ್ ಸುತ್ತೊಂದನ್ನು ಗೆದ್ದದ್ದು ಆ ಸೀಸನ್ನಿನಲ್ಲೇ. ಆದರೂ ಸರಾಸರಿ ಪ್ರೇಕ್ಷಕರು 15 ಸಾವಿರದಿಂದ 13 ಸಾವಿರದ ಆಸುಪಾಸಿಗೆ ಇಳಿದರು. ಬಾರ್ಕ್ಲೇಸ್ ಕಟ್ಟಿದ್ದು ಬಾಸ್ಕೆಟ್‌ಬಾಲಿಗೆ. ಉದ್ದದ ಐಸ್ ಅಂಗಣವನ್ನು ಅದರೊಳಗೆ ತುರುಕಿದಾಗ ಒಂದು ಬದಿಗೆ ಸರಿದು ಕೂತಿತು. ನೆತ್ತಿಯ ಮೇಲಿನ ಸ್ಕೋರ್‌ಬೋರ್ಡು ನಡುವಿನಲ್ಲಿ ಇರಲೇ ಇಲ್ಲ. ಕೆಲವು ಸೀಟಿನಿಂದ ಗೋಲು ಕಾಣುತ್ತಿರಲಿಲ್ಲ. ಜೊತೆಗೆ, ಕಾರಿನಲ್ಲಿ ಬಂದು ಪಾರ್ಕಿಂಗಿನಲ್ಲೇ ಗೆಳೆಯರೊಂದಿಗೆ ಉಂಡು ಒಳಗೆ ಹೋಗುತ್ತಿದ್ದ ಹಳಬರ ಅಭ್ಯಾಸವೇ ಕಡಿದುಹೋಯಿತು. ಕಡೆಗೆ 2021ರಲ್ಲಿ ತಂಡ ಲಾಂಗ್ ಐಲ್ಯಾಂಡಿನ ಅಂಚಿನ ಬೆಲ್ಮಾಂಟ್ ಪಾರ್ಕಿನಲ್ಲಿ, ಹಾಕಿಗಾಗಿಯೇ ಕಟ್ಟಿದ ಅಂಗಣಕ್ಕೆ ಬಂತು.

ಕೆನಡಾದ ಮಾಂಟ್ರಿಯಲ್ ತಂಡದವರು 1996ರಲ್ಲಿ ತಮ್ಮ ಹಳೆಯ ಅಂಗಣವಾದ ಫೋರಂ ಬಿಟ್ಟಾಗ ಹೋದದ್ದು ಅದೇ ಪೇಟೆಯೊಳಗೆ ಸ್ವಲ್ಪ ದೂರ. ಕೊನೆಯ ರಾತ್ರಿ ಹಳೆಯ ನಾಯಕರು ಪಂಜನ್ನು ಕೈಯಿಂದ ಕೈಗೆ ದಾಟಿಸಿದರು. ತಂಡದ ಹಳೆಯ ತಾರೆ ಮೊರೀಸ್ ರಿಶಾರ್ ಅಂಗಣಕ್ಕೆ ಬಂದಾಗ ಚಪ್ಪಾಳೆ ಏಳು ನಿಮಿಷವಾದರೂ ನಿಲ್ಲಲಿಲ್ಲ. ಆ ಪಂಜನ್ನೇ ಹೊಸ ಕಟ್ಟಡಕ್ಕೆ ಒಯ್ದರು. 3,000ಕ್ಕೂ ಹೆಚ್ಚು ಸೀಟು ಜಾಸ್ತಿಯಾಯಿತು, ಜನ ಜೊತೆಯಲ್ಲೇ ಹೋದರು.

ಲೆಕ್ಕ ಹಾಕುವಾಗ ಮೋಸ ಹೋಗಲು ದಾರಿಗಳು ಬೇಕಾದಷ್ಟು. ಹಳೆಯ ಮೈದಾನದ ಕೊನೆಯ ವರ್ಷಕ್ಕೆ, ಇನ್ನು ಸಿಗುವುದಿಲ್ಲ ಅಂತ ಜನ ಮುಗಿಬೀಳುತ್ತಾರೆ. ಅದನ್ನು ಹೊಸದರ ಜೊತೆ ಹೋಲಿಸಿದರೆ ತಕ್ಕಡಿ ಮೊದಲೇ ವಾಲಿರುತ್ತದೆ. ಇನ್ನೊಂದು, ಪ್ರಕಟವಾಗುವ ಸಂಖ್ಯೆ ಕೊಟ್ಟ ಟಿಕೆಟ್ಟಿನದು, ಕೂತವರದ್ದಲ್ಲ. 2017ರಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ಹೊಸ ಅಂಗಣಕ್ಕೆ ಹೋದಾಗ, ಟಿಕೆಟ್ ಹೋಗಿದ್ದರೂ ಟಿವಿಯಲ್ಲಿ ಖಾಲಿ ಕೆಂಪು ಕುರ್ಚಿಗಳ ಸಾಲು ಎದ್ದು ಕಾಣುತ್ತಿತ್ತು. ಕೆಂಪು ತೆಗೆದು ಕಪ್ಪು ಕುರ್ಚಿ ಹಾಕಿದರು! ಅದೇ ಹೊತ್ತಿಗೆ ಸತತ 25 ವರ್ಷ ಪ್ಲೇಆಫ್ ಆಡಿದ್ದ ತಂಡ ಸೋಲಲು ಶುರುಮಾಡಿತ್ತು. ತಪ್ಪು ಕಟ್ಟಡದ್ದಾ, ಸೋಲಿನದ್ದಾ? ಒಂದೇ ತಂಡ ನೋಡಿ ಇದನ್ನು ಬಿಡಿಸಲು ಆಗುವುದಿಲ್ಲ. ಹತ್ತಾರು ತಂಡಗಳನ್ನು ಒಟ್ಟಿಗೆ ನೋಡುವುದು ಅದಕ್ಕೇ.

ಹೊಸ ಜಾಗ 'ಕೈಹಿಡಿಯುವುದಿಲ್ಲ' ಅನ್ನುವ ಮಾತಿನಲ್ಲಿ ಒಂದು ನಿಜವೂ ಅಡಗಿದೆ ಅನ್ನುವುದು ನನಗೆ ತುಂಬ ಸೋಜಿಗ. 1987ರಿಂದ 2001ರ ನಡುವೆ ಹೊಸ ಅಂಗಣಕ್ಕೆ ಹೋದ ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಐಸ್ ಹಾಕಿಯ 37 ತಂಡಗಳನ್ನು ರಿಚರ್ಡ್ ಪೊಲಾರ್ಡ್ ಎಂಬ ಸಂಶೋಧಕರು ಪರೀಕ್ಷಿಸಿದರು. 26 ತಂಡಗಳಿಗೆ ಮೊದಲ ಸೀಸನ್ನಿನಲ್ಲಿ ತವರಿನ ಅನುಕೂಲ, ಅಂದರೆ ಸ್ವಂತ ಅಂಗಣದಲ್ಲಿ ಆಡುವಾಗ ಗೆಲ್ಲುವ ಹೆಚ್ಚಿನ ಅವಕಾಶ, ಕಡಿಮೆಯಾಗಿತ್ತು. ಇದಕ್ಕೆ ಗ್ರಹಚಾರ ಬೇಕಾಗಿಲ್ಲ. ಬಾಸ್ಟನ್ ಹಾಕಿ ತಂಡದ ಹಳೆಯ ಕಟ್ಟಡ 'ಗಾರ್ಡನ್'ನ ಐಸ್ 191 ಅಡಿ ಉದ್ದ, 83 ಅಡಿ ಅಗಲ. ಲೀಗಿನ ಅಳತೆ 200ಕ್ಕೆ 85. ಆ ಇಕ್ಕಟ್ಟಿನಲ್ಲಿ ಯಾವ ಮೂಲೆಗೆ ಹೊಡೆದರೆ ಹಲಗೆಗೆ ತಾಗಿ ಎಲ್ಲಿಗೆ ಪುಟಿಯುತ್ತದೆ ಅನ್ನುವುದು ತವರಿನವರ ಮೈಗೆ ಗೊತ್ತಿತ್ತು. 1995ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ ಅದು ಹಿಂದೆಯೇ ಉಳಿಯಿತು. ನಮ್ಮ ಮನೆಯಲ್ಲಿ ಕರೆಂಟು ಹೋದರೂ ಕತ್ತಲಲ್ಲಿ ನೀರಿನ ಕೊಡಪಾನ ಸಿಗುತ್ತದೆ, ಬಾಡಿಗೆ ಮನೆಯ ಮೊದಲ ವಾರ ಕಾಲೆಡವುತ್ತೇವಲ್ಲ, ಅಷ್ಟೇ.

ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಹೋದರೆ ಇದೆಲ್ಲಕ್ಕೂ ಎದುರುತ್ತರ ಕೊಡುವ ಒಂದು ಹಾಕಿ ಉಂಟು, ಐಸಿನದ್ದಲ್ಲ, ನಮ್ಮ ಮೈದಾನದ್ದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ. ಪ್ರತಿ ವರ್ಷ ಬೇರೆ ಕುಟುಂಬದ ಉಸ್ತುವಾರಿ, ಮೈದಾನವೂ ಬದಲಾಗುತ್ತಾ ಇರುತ್ತದೆ. ಮೊದಲ ವರ್ಷ 60 ಕುಟುಂಬದ ತಂಡಗಳು, 2024ರಲ್ಲಿ ನಾಪೋಕ್ಲಿನಲ್ಲಿ 360. ಅಲ್ಲಿಗೆ ಬರುವವನು ಗ್ರೌಂಡಿಗೆ ಬರುವುದಲ್ಲ, ತನ್ನ ಒಕ್ಕದ, ಅಂದರೆ ತನ್ನ ಮನೆತನದ, ಹುಡುಗರು ಆಡುವುದನ್ನು ನೋಡಲು ಬರುತ್ತಾನೆ. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ದಾರಿಯ ಲೆಕ್ಕ ಯಾರು ಹಾಕುತ್ತಾರೆ?

ಈ ಸಲದ ಫೈನಲ್ಲಿಗೆ ಬಾವ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ರಾತ್ರಿ ಒಂಬತ್ತರ ಹೊತ್ತಿಗೆ ಗ್ಯಾಲರಿಯ ಒಂದು ಬದಿಯವರು ಎದ್ದು ನಿಂತರು. ಇನ್ನೂ ಮೂರು ಓವರ್ ಬಾಕಿ ಇತ್ತು.

"ನೋಡು, ಮ್ಯಾಚ್ ಮುಗಿಯುವ ಮೊದ್ಲೇ ಹೋಗ್ತಾರೆ. ಇದು ಜಾಗದ ದೋಷ ಅಲ್ದೆ ಮತ್ತೆಂತ?" ಅಂದರು ಬಾವ.

ನಾನು ಎದ್ದು ಹೊರಟಿದ್ದ ಒಬ್ಬರನ್ನು ಕೇಳಿದೆ. ಅವರು ಚಪ್ಪಲಿ ಹುಡುಕುತ್ತಲೇ ಹೇಳಿದರು, "ಕಡೇ ಬಸ್ಸು ಮಾರ್ರೆ. ಅದು ತಪ್ಪಿದ್ರೆ ಉಳ್ಳಾಲಕ್ಕೆ ರಿಕ್ಷಾವೇ ಗತಿ."

ಬಾವ ಏನೂ ಹೇಳಲಿಲ್ಲ. ಆ ಮನುಷ್ಯ ರಸ್ತೆಯವರೆಗೂ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ, ಮುಖ ಪಿಚ್ಚಿನ ಕಡೆಗೇ ಇಟ್ಟುಕೊಂಡು ಹೋದರು.